ಪಡಸಾಲೆಯಲ್ಲಿ ಕಡಲು: ಹೆಪ್ಪು ಹಾಕಿ ಕಾಯುವ ಕೆಲಸ

ಕಾಗಿನೆಲೆ, ಬ್ಯಾಡಗಿ ಕಡೆಯ ಬೋರ್‌ವೆಲ್ ನೀರನ್ನು ವಾರಗಟ್ಟಲೆ ಒಂದೇ ಪಾತ್ರೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಮನೆಯಲ್ಲಿ ಉಪ್ಪುನೀರಿನ ಹವಳದ ತೊಟ್ಟಿ ಇಡಬೇಕೆಂಬ ಆಸೆ ಇದ್ದವರು ಬಣ್ಣದ ಮೀನು ನೋಡುವ ಮುಂಚೆ ಈ ಪೊರೆಯನ್ನು ನೋಡಬೇಕು. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟೆಯ ಕಡಲು ಸಿಗುತ್ತದೆ, ನಿಜ. ಆದರೆ ತೊಟ್ಟಿಯೊಳಗಿನ ಕಡಲನ್ನು ಇಲ್ಲೇ, ನಮ್ಮ ನೀರಿನಿಂದ, ನಮ್ಮ ಬಿಸಿಲಿನಲ್ಲಿ ಮಾಡಿಕೊಳ್ಳಬೇಕು. ನಾನು ಮೊದಲ ಸಲ ಅವಸರಪಟ್ಟು, ನೀರು ತುಂಬಿದ ಎಂಟನೆಯ ದಿನಕ್ಕೇ ಎರಡು ಮೀನು ಬಿಟ್ಟೆ. ಎರಡೂ ಉಳಿಯಲಿಲ್ಲ. ಆ ತಪ್ಪು ಬೇರೆ ಮನೆಯಲ್ಲಿ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೋಸುವ ಕೆಲಸ ಯಾರದು

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತರೆ ಅಮೋನಿಯಾ ಬರುತ್ತದೆ. ಅದು ಮೀನಿಗೆ ವಿಷ. ಕಲ್ಲು, ಮರಳಿನ ಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಗೋವಿನಜೋಳಕ್ಕೆ ಯೂರಿಯಾ ಕೊಟ್ಟ ಹೊಲದ ಮಣ್ಣಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮುಂದಿನ ಹಂತ ಹಾನಗಲ್ಲಿನ ಭತ್ತದ ಗದ್ದೆ ಮಾಡಿದವರಿಗೆ ಗೊತ್ತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಹಾಕಿದ ಗೊಬ್ಬರ ಹಾರಿಹೋಯಿತೆಂದು ರೈತ ಮರುಗುತ್ತಾನೆ. ತೊಟ್ಟಿಯವನಿಗೆ ಬೇಕಾಗಿರುವುದು ಆ ನಷ್ಟವೇ.

ಹಾಗಾಗಿ ನೈಸರ್ಗಿಕ ಶೋಧನೆ ಎಂದರೆ ಗಾಳಿ ಬೇಕಾದ, ಗಾಳಿ ಬೇಡದ ಎರಡೂ ಬಗೆಯ ಜೀವಿಗಳಿಗೆ ಮನೆ ಕಟ್ಟಿಕೊಡುವುದು: ಗಾಳಿಯಾಡುವ ರಂಧ್ರದ ಕಲ್ಲು, ಆಮ್ಲಜನಕ ಇಳಿಯದಷ್ಟು ದಪ್ಪದ ಮರಳು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಕಡಲಿನ ಜೀವಂತ ಕಲ್ಲು (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿದ ಕಲ್ಲು), ಗಾಳಿಗುಳ್ಳೆ ಮತ್ತು ಬಿಸಿಲು, ಇಷ್ಟರಿಂದಲೇ ತೊಟ್ಟಿ ಸಾಕುವ ಬಗೆಯನ್ನು 1961ರಲ್ಲಿ ಬರೆದು ತೋರಿಸಿದರು. ಮುಂದೆ ಮೊನಾಕೊದಲ್ಲಿ ಜೀನ್ ಜೋಬರ್ ದಪ್ಪ ಮರಳಿನ ಹಾಸನ್ನೇ ಸೋಸುವ ಯಂತ್ರವಾಗಿಸಿದರು. ನಾವು ಮಾಡುವುದು ಇವೆರಡರ ಬೆರಕೆ.

ಕಲ್ಲು ಕಡಲಿನಿಂದ ಬೇಡ

ಲೀ ಚಿನ್ ಎಂಗ್ ತಂದಂತೆ ನಾವು ಕಡಲಿನ ಕಲ್ಲು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲಕುದುರೆ, ಕಡಲ ಸೌತೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸತ್ತ ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಬಂದರೂ ಅಪರಾಧವೇ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ ನಮ್ಮ ರಾಜ್ಯಕ್ಕೆ ಉಳಿದಿರುವ ಹವಳ ಬಹಳ ಸ್ವಲ್ಪ. ಅದನ್ನು ನೋಡಬೇಕೆನಿಸಿದರೆ ಅಲ್ಲಿಗೇ ಹೋಗಿ ನೀರಿಗಿಳಿದು ನೋಡಿ ಬನ್ನಿ. ಅಂಗಡಿಯಲ್ಲಿ ಯಾರಾದರೂ ‘ಒರಿಜಿನಲ್ ಸಮುದ್ರದ ಕಲ್ಲು’ ಎಂದು ತೋರಿಸಿದರೆ ಕೈಮುಗಿದು ಹೊರಬನ್ನಿ.

ಕಲ್ಲನ್ನು ಮನೆಯಲ್ಲೇ ಮಾಡಬಹುದು. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಇಷ್ಟವಾದ ಕೆಲಸ ಇದು. ಒಂದು ಪಾಲು ಬಿಳಿ ಪೋರ್ಟ್‌ಲ್ಯಾಂಡ್ ಸಿಮೆಂಟ್ (ಗೋಡೆಯ ಪುಟ್ಟಿ ಆಗದು), ಮೂರು ಪಾಲು ಚಿಪ್ಪಿನ ಚೂರು, ಒಂದೂವರೆ ಪಾಲು ದಪ್ಪ ಕಲ್ಲುಪ್ಪು. ಚಿಪ್ಪಿನ ಚೂರು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಊಟಕ್ಕೆ ಬಳಸಿದ ಚಿಪ್ಪು ಕರಾವಳಿಯ ನೆಂಟರ ಮನೆಯಲ್ಲಿ ಸಿಕ್ಕರೆ ತೊಳೆದು ಕುದಿಸಿ ಜಜ್ಜಿಕೊಳ್ಳಿ. ರೊಟ್ಟಿ ಹಿಟ್ಟಿನಷ್ಟೇ ಗಟ್ಟಿಯಾಗುವಂತೆ ಕಡಿಮೆ ನೀರಿನಲ್ಲಿ ಕಲಸಿ. ಕೈಗೆ ಗವಸು ಇರಲೇಬೇಕು, ಸಿಮೆಂಟ್ ಚರ್ಮ ಸುಡುತ್ತದೆ. ಹಸಿ ಮರಳಿನಲ್ಲಿ ಗುಂಡಿ ತೋಡಿ, ಕಲಸಿದ್ದನ್ನು ಒತ್ತದೆ ಸಡಿಲವಾಗಿ ಸುರಿಯಿರಿ. ನಡುನಡುವೆ ಮರಳಿನ ಉಂಡೆ ಇಟ್ಟರೆ ಆಮೇಲೆ ಅದು ಉದುರಿ ಮೀನು ನುಸುಳುವ ಸುರಂಗವಾಗುತ್ತದೆ. ಎರಡು ದಿನ ಹಸಿ ಗೋಣಿ ಮುಚ್ಚಿಟ್ಟು, ಬಳಿಕ ಪ್ಲಾಸ್ಟಿಕ್ ಪೀಪಾಯಿಯ ನೀರಿಗೆ ಹಾಕಿ. ಉಪ್ಪು ಕರಗಿ ಕಲ್ಲಿನ ತುಂಬ ತೂತು ಉಳಿಯುತ್ತದೆ. ಸಿಮೆಂಟಿನ ಕ್ಷಾರ ಇಳಿಯಲು ವಾರಕ್ಕೊಮ್ಮೆ ನೀರು ಬದಲಿಸುತ್ತ ಆರರಿಂದ ಎಂಟು ವಾರ ಬಿಡಬೇಕು. ಮೂರು ದಿನ ಬದಲಿಸದ ನೀರಿನ ಪಿಎಚ್ 8.5ರೊಳಗೆ ನಿಂತರೆ ಕಲ್ಲು ಸಿದ್ಧ.

ಮರಳಿಗೆ ವರದಾ, ತುಂಗಭದ್ರೆಯ ದಂಡೆಗೆ ಹೋಗುವುದು ಬೇಡ. ಅದರಲ್ಲಿ ಸುಣ್ಣದಂಶ ಇಲ್ಲ, ಹೊಲದಿಂದ ಹರಿದು ಬಂದ ಔಷಧಿ ಎಷ್ಟಿದೆಯೋ ಹೇಳಲಾಗದು. ಪ್ಯಾಕೆಟ್ಟಿನಲ್ಲಿ ಬರುವ ಸಣ್ಣ ಹರಳಿನ ಅರಗೊನೈಟ್ ಮರಳು ತನ್ನಿ. ಹಾಸು 10 ಸೆಂ.ಮೀ. ದಪ್ಪ ಇರಲಿ. ಐದಾರು ಸೆಂ.ಮೀ.ಗೆ ನಿಲ್ಲಿಸಿದರೆ ಕಸ ಸಿಕ್ಕಿಕೊಳ್ಳುವಷ್ಟು ದಪ್ಪ ಆಗುತ್ತದೆ, ನೈಟ್ರೇಟ್ ಒಡೆಯುವಷ್ಟು ಆಗುವುದಿಲ್ಲ.

ತೊಟ್ಟಿ, ನೀರು, ಉಪ್ಪು

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, 10 ಮಿ.ಮೀ. ಗಾಜಿನ ತೊಟ್ಟಿ ಆರಂಭಕ್ಕೆ ಸರಿ. ಇದಕ್ಕಿಂತ ಚಿಕ್ಕದರಲ್ಲಿ ಉಪ್ಪು, ಬಿಸಿ ಎರಡೂ ಬೇಗ ಏರುಪೇರಾಗುತ್ತವೆ. ತುಂಬಿದಾಗ ಒಟ್ಟು ತೂಕ ಕಾಲು ಟನ್ ದಾಟುತ್ತದೆ. ಹಳೆಯ ಮಾಳಿಗೆ ಮನೆಯಾದರೆ ಕೆಳಗಿನ ಅಂತಸ್ತಿನ ಗಟ್ಟಿ ನೆಲದ ಮೇಲೇ ಇಡಿ, ಅಟ್ಟದ ಮೇಲೆ ಬೇಡವೇ ಬೇಡ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗವೂ ಆಗದು.

ನೀರು ಆರ್‌ಒ ಆಗಿರಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಬಹುದು, ಆದರೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಕುಡಿಯುವ ನೀರಿನಲ್ಲಿ ಒಂದಷ್ಟು ಲವಣ ಉಳಿದಿರುತ್ತದೆ, ನಮಗೆ ಸೊನ್ನೆಯ ಹತ್ತಿರ ಬೇಕು. ಅದಕ್ಕೆ ಆ ನೀರನ್ನು, ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಕಾರ್ಟ್ರಿಡ್ಜ್ ಮೂಲಕ ಇನ್ನೊಮ್ಮೆ ಹಾಯಿಸಿ. ಬೋರ್‌ವೆಲ್ ನೀರು ನೇರ ಹಾಕಿದರೆ ಅದರ ನೈಟ್ರೇಟ್, ಸಿಲಿಕಾ ಎಲ್ಲ ಪಾಚಿಗೆ ಗೊಬ್ಬರ.

ತಾಮ್ರದ ಹಂಡೆ, ಕೊಡ, ಚೊಂಬು ಯಾವುದೂ ಈ ನೀರಿನ ಹತ್ತಿರ ಬರಬಾರದು. ನಮಗೆ ತಾಮ್ರದ ನೀರು ಒಳ್ಳೆಯದೆನಿಸಬಹುದು. ಹವಳ, ಸೀಗಡಿ, ಬಸವನಹುಳಗಳನ್ನು ಅತ್ಯಲ್ಪ ತಾಮ್ರವೂ ಕೊಲ್ಲುತ್ತದೆ. ಎಲ್ಲ ಕೆಲಸಕ್ಕೂ ಒಂದು ಪ್ಲಾಸ್ಟಿಕ್ ಬಕೆಟ್ ಮೀಸಲಿಡಿ.

ಉಪ್ಪಿನ ವಿಷಯದಲ್ಲಿ ಹಲವರು ಕೇಳುವ ಪ್ರಶ್ನೆ: ಗೋಕರ್ಣದ ಹತ್ತಿರದ ಸಾಣೀಕಟ್ಟಾ ಉಪ್ಪು ಕಡಲಿನದೇ ಅಲ್ಲವೇ, ಅದನ್ನೇ ಕರಗಿಸಬಾರದೇ? ಕಡಲಿನ ನೀರು ಪಾತಿಯಲ್ಲಿ ಇಂಗುತ್ತ ಹೋದಂತೆ ಮೊದಲು ಸುಣ್ಣ, ಜಿಪ್ಸಂ ತಳಕ್ಕೆ ಕೂರುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಗೆ ಉಳಿದ ಕಹಿ ನೀರಿನ ಜೊತೆ ಹೊರಹೋಗುತ್ತವೆ. ಹವಳಕ್ಕೆ ಬೇಕಾದ್ದೆಲ್ಲ ಹೀಗೆ ಮುಂದೆ ಹಿಂದೆ ಕಳೆದುಹೋಗಿ, ಅಡುಗೆಗೆ ಬೇಕಾದ್ದು ಮಾತ್ರ ನಮ್ಮ ಕೈಗೆ ಬರುತ್ತದೆ. ಆದ್ದರಿಂದ ಅಕ್ವೇರಿಯಂಗೆಂದೇ ಮಾಡಿದ ಸಿಂಥೆಟಿಕ್ ಸಮುದ್ರ ಲವಣ ಬೇಕು. ಲೀಟರಿಗೆ 35-36 ಗ್ರಾಂ ಲೆಕ್ಕ; ಮರಳು, ಕಲ್ಲು ಕಳೆದು 140 ಲೀಟರ್ ನೀರಿಗೆ ಸುಮಾರು 5 ಕೆ.ಜಿ. ಹಿಡಿಯುತ್ತದೆ. ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಲಿ.

ಕಡಲಿನ ನೀರನ್ನೇ ತರುವವರೂ ಇದ್ದಾರೆ. ತರುವುದಾದರೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಒಣ ತಿಂಗಳುಗಳಲ್ಲಿ, ನದಿ ಕಡಲು ಸೇರುವ ಅಳಿವೆಯಿಂದ ದೂರ ತನ್ನಿ. ಮಳೆಗಾಲದಲ್ಲಿ ಅಘನಾಶಿನಿ, ಗಂಗಾವಳಿ, ಶರಾವತಿಗಳು ದಡದ ನೀರನ್ನು ಸಪ್ಪೆಯಾಗಿಸಿ ಕೆಸರು ಬೆರೆಸಿರುತ್ತವೆ.

ಹೆಪ್ಪು

ಎಲ್ಲ ಜೋಡಿಸಿ, ತೊಟ್ಟಿಯ ಎರಡು ತುದಿಗೆ ನೀರು ತಿರುಗಿಸುವ ಪಂಪುಗಳನ್ನು ಕೂರಿಸಿ. ಎರಡೂ ಸೇರಿ ತಾಸಿಗೆ 2,500-3,000 ಲೀಟರ್ ತಿರುಗಿಸಿದರೆ ಸಾಕು. ಈಗ ಹಳೆಯ, ರೋಗವಿಲ್ಲದ ಉಪ್ಪುನೀರಿನ ತೊಟ್ಟಿ ಇಟ್ಟವರ ಮನೆಯಿಂದ ಎರಡು ಹಿಡಿ ಹಸಿ ಮರಳು ಕೇಳಿ ತನ್ನಿ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದ ಹಾಗೆ. ಅದರಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಮರಳನ್ನು ಕೆದಕುವ ಎಳೆಹುಳ, ಕಣ್ಣಿಗೆ ಚುಕ್ಕೆಯಂತೆ ಕಾಣುವ ಕೊಪೆಪಾಡ್‌ಗಳೂ ಇರುತ್ತವೆ. ಅಂಥವರು ಹತ್ತಿರ ಇಲ್ಲದಿದ್ದರೆ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಬಳಸಿ.

ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ, ದೀಪ ಹಚ್ಚದೆ ಬಿಡಿ. ಮೂರು ದಿನಕ್ಕೊಮ್ಮೆ ಕಿಟ್‌ನಲ್ಲಿ ಪರೀಕ್ಷಿಸಿ. ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನನ್ನ ಎರಡು ಮೀನುಗಳು ಸತ್ತದ್ದು ಈ ಏರಿಕೆಯ ನಡುವೆ. ನೀರು ಆಗಲೂ ಗಾಜಿನಷ್ಟು ತಿಳಿಯಾಗಿಯೇ ಇತ್ತು.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಕಾಲು ಭಾಗ ನೀರು ಬದಲಿಸಿ, ದೀಪ ಶುರುಮಾಡಿ. ದಿನಕ್ಕೆ ಎಂಟು ತಾಸು ಸಾಕು. ಮರಳಿನ ಮೇಲೆ ಮೊದಲು ಕಂದು ಪೊರೆ, ನಂತರ ಹಸಿರು ಪಾಚಿ ಬರುತ್ತದೆ. ಹೆದರಿ ಔಷಧಿ ಹಾಕಬೇಡಿ. ಪಕ್ಕದಲ್ಲೋ ಕೆಳಗೋ ಇಟ್ಟ ಸಣ್ಣ ತೊಟ್ಟಿಗೆ ಇದೇ ನೀರು ಹರಿಸಿ, ಅದರಲ್ಲಿ ಕೀಟೊಮಾರ್ಫಾ ಎಂಬ, ಹಸಿರು ನೂಲಿನ ಸಿಂಬಿಯಂಥ ಕಡಲ ಪಾಚಿಯನ್ನು ಬೆಳೆಸಿ. ನೈಟ್ರೇಟ್, ರಂಜಕ ಎರಡನ್ನೂ ಅದು ಹೀರುತ್ತದೆ. ವಾರಕ್ಕೊಂದು ಹಿಡಿ ಕಿತ್ತು ಹೊರಹಾಕಿದರೆ ಅಷ್ಟು ಗೊಬ್ಬರ ನೀರಿನಿಂದ ಹೊರಬಿದ್ದಂತೆ. ದೊಡ್ಡ ತೊಟ್ಟಿಯ ದೀಪ ಆರಿದ ಮೇಲೆ ಇದರ ದೀಪ ಹಚ್ಚಿದರೆ ರಾತ್ರಿ ಪಿಎಚ್ ಕುಸಿಯುವುದೂ ತಪ್ಪುತ್ತದೆ.

ಬೇಸಿಗೆ ಮತ್ತು ಕರೆಂಟು

ಹವಳಕ್ಕೆ 25-26 ಡಿಗ್ರಿ ಹಿತ. 30 ದಾಟಿ ದಿನಗಟ್ಟಲೆ ನಿಂತರೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಕ್ಕೆ ಆದದ್ದು ಇದೇ. ನಮ್ಮ ಏಪ್ರಿಲ್ ಬಿಸಿಲಿಗೆ ಇದೊಂದು ದೊಡ್ಡ ಸವಾಲು. ಆದರೆ ಕರಾವಳಿಯವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ಒಣ ಗಾಳಿ. ನೀರಿನ ಮೇಲೆ ಹಾಯುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ ಆವಿಯಾಗುವಾಗ ನೀರು ಎರಡು ಮೂರು ಡಿಗ್ರಿ ತಣಿಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಹೊರಗೆ ತೀರ ಕಾದ ದಿನಗಳಿಗೆ ಅದೂ ಸಾಲದೆ ಚಿಲ್ಲರ್ ಬೇಕಾಗಬಹುದು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲೆ ಗೆರೆ ಎಳೆದು, ಇಳಿದಷ್ಟು ನೀರನ್ನು ದಿನವೂ ಉಪ್ಪು ಹಾಕದ, ಅದೇ ಶುದ್ಧ ಸಿಹಿನೀರಿನಿಂದಲೇ ತುಂಬಿ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ಬೇಕಾಗುತ್ತದೆ.

ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ. ಕರೆಂಟ್ ಹೋಗಿ ಪಂಪು ನಿಂತರೆ ಕೆಲವೇ ತಾಸುಗಳಲ್ಲಿ ಅಪಾಯ. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು ಇರಲಿ, ಇಲ್ಲವೇ ಒಂದು ಪಂಪನ್ನು ಮನೆಯ ಇನ್ವರ್ಟರಿಗೆ ಜೋಡಿಸಿ.

ಇನ್ನೊಂದು ಮಾತು ನಮ್ಮ ಕಡೆಗೆ ಬಹಳ ಮುಖ್ಯ. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್‌ನಲ್ಲಿರುವ ಪೈರೆಥ್ರಾಯ್ಡ್ ಮೀನು, ಸೀಗಡಿಗಳಿಗೆ ಮಾರಕ. ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆ ಪರದೆ ಕಟ್ಟಿ. ಹತ್ತಿಗೋ ಮೆಣಸಿನ ಗಿಡಕ್ಕೋ ಔಷಧಿ ಹೊಡೆದು ಬಂದವರು ಸ್ನಾನ ಮಾಡದೆ ತೊಟ್ಟಿಗೆ ಕೈ ಹಾಕಬಾರದು.

ಕೊನೆಗೆ ಮೀನು

ಮೂರನೆಯ ತಿಂಗಳು ಬಂದಾಗ ರಾತ್ರಿ ದೀಪ ಆರಿಸಿ ಟಾರ್ಚ್ ಬಿಟ್ಟು ನೋಡಿ. ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡುತ್ತಿದ್ದರೆ ತೊಟ್ಟಿಗೆ ಜೀವ ಬಂದಿದೆ. ಆಗ ಪಾಚಿ ತಿನ್ನುವ ನಾಲ್ಕಾರು ಬಸವನಹುಳ, ಆಮೇಲೆ ಅಣಬೆಯಂತೆ ಹರಡುವ ಮೃದು ಹವಳ, ಅಂಗಿಯ ಗುಂಡಿಯಂತೆ ಅರಳುವ ಜೋಯಾಂಥಿಡ್. ಇವು ಬೇರೆ ಹವ್ಯಾಸಿಗಳ ತೊಟ್ಟಿಯಲ್ಲೇ ಬೆಳೆದ ತುಂಡುಗಳಾಗಿರಲಿ. ಜೋಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು: ಗವಸು ಹಾಕಿ ಮುಟ್ಟಿ, ಅವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಕುದಿಸಬೇಡಿ.

ಮೀನು ಎಂದರೆ ನನ್ನ ಆಯ್ಕೆ ಒಂದು ಜೋಡಿ ಕ್ಲೌನ್ ಮೀನು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡಿಸುವ ಕ್ರಮವನ್ನು ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಕೊಳ್ಳಿ. ಕಡಲಿಗೂ ನಷ್ಟವಿಲ್ಲ, ಒಣ ಆಹಾರವನ್ನೂ ಬೇಗ ಕಲಿಯುತ್ತವೆ. ಈ ಗಾತ್ರದ ತೊಟ್ಟಿಗೆ ಒಟ್ಟು ನಾಲ್ಕು ಸಣ್ಣ ಮೀನು ಮಿತಿ. ಕಲ್ಲು ಮತ್ತು ಮರಳು ಜೀರ್ಣಿಸುವಷ್ಟೇ ಆಹಾರ: ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ಎರಡು ವಾರಕ್ಕೊಮ್ಮೆ 14-15 ಲೀಟರ್ ನೀರು ಬದಲಿಸಿದರೆ ಮೃದು ಹವಳಕ್ಕೆ ಬೇಕಾದ ಸುಣ್ಣ, ಮೆಗ್ನೀಸಿಯಂ ಅದರಿಂದಲೇ ಸಿಗುತ್ತದೆ. ದಪ್ಪ ಮರಳನ್ನು ಎಂದೂ ಕೆದಕಬೇಡಿ, ತಳದ ಜೀವಿಗಳಿಗೆ ಗಾಳಿ ತಾಗಬಾರದು. ತೆಗೆದ ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲಿ. ಹಿತ್ತಲ ಗಿಡಕ್ಕಾಗಲಿ ಕೆರೆಗಾಗಲಿ ಬೇಡ.

ಊರ ಜಾತ್ರೆಗೋ ಮದುವೆಗೋ ಮೂರು ದಿನ ಹೋಗುವಿರಾದರೆ ಪಕ್ಕದ ಮನೆಯವರಿಗೆ ಮೀನಿನ ಆಹಾರದ ಡಬ್ಬಿ ಕೊಡಬೇಡಿ. ಮೂರು ದಿನ ಉಪವಾಸವಿದ್ದರೆ ಮೀನಿಗೆ ಏನೂ ಆಗದು. ಎರಡೆರಡು ಲೀಟರಿನ ಮೂರು ಬಾಟಲಿ ಸಿಹಿನೀರು ತುಂಬಿಟ್ಟು, ಗಾಜಿನ ಮೇಲಿನ ಗೆರೆ ತೋರಿಸಿ ಹೋಗಿ.