ಬೆಂಕಿ ಆರಿಲ್ಲ, ಬೂದಿ ತೆಗೆಯಿರಿ

ಪ್ರಿಯ ಯೌವನಸ್ಥರೇ, ಇವತ್ತಿನ ಧ್ಯಾನಕ್ಕೆ ಯಾಜಕಕಾಂಡ 6ನೇ ಅಧ್ಯಾಯ, 8ರಿಂದ 13ನೇ ವಚನಗಳನ್ನು ತೆಗೆಯಿರಿ.

ಹೋದ ವಾರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ಬಂದು, "ಬ್ರದರ್, ಮೊದಲಿನ ಹಾಗೆ ಒಳಗೆ ಉರಿ ಇಲ್ಲ. ದೇವರು ನನ್ನ ಕೈ ಬಿಟ್ಟರಾ?" ಅಂತ ಕೇಳಿದ. ನೈಟ್ ಶಿಫ್ಟ್, ಪಿಜಿ ರೂಮು, ಟ್ರಾಫಿಕ್ಕು. ಪ್ರಾರ್ಥನೆಗೆ ಕೂತರೆ ನಿದ್ದೆ. ನಿಮ್ಮಲ್ಲೂ ಎಷ್ಟೋ ಜನರ ಪ್ರಶ್ನೆ ಇದೇ ಅಲ್ವಾ?

ವಾಕ್ಯ ನೋಡೋಣ. ಆರೋನನ ಮೊದಲ ಬಲಿಗಳನ್ನು ದಹಿಸಿದ ಬೆಂಕಿ ಬಂದದ್ದು ಕರ್ತನ ಸನ್ನಿಧಿಯಿಂದ. ಅದು 9ನೇ ಅಧ್ಯಾಯ 24ನೇ ವಚನದಲ್ಲಿದೆ. ಪಂಚಾಶತ್ತಮ ದಿನದಲ್ಲೂ ಅಷ್ಟೇ, ಬೆಂಕಿಯಂತಿದ್ದ ನಾಲಿಗೆಗಳನ್ನು ಶಿಷ್ಯರು ತಯಾರು ಮಾಡಲಿಲ್ಲ. ಬೆಂಕಿ ದೇವರದು. ಆದರೆ ಯಜ್ಞವೇದಿಯ ಮೇಲೆ ಅದು ಆರಬಾರದು. ಅದಕ್ಕೆ ಯಾಜಕನಿಗೆ ಎರಡು ಕೆಲಸ ಇತ್ತು: ಬೂದಿ ತೆಗೆಯುವುದು, ಪ್ರತಿದಿನ ಬೆಳಿಗ್ಗೆ ಸೌದೆ ಇಡುವುದು.

ಸೌದೆ ನಮಗೆ ಗೊತ್ತು. ಬೂದಿ ಯಾವುದು? ಅದು ಕಸ ಅಲ್ಲ. ನಿನ್ನೆ ಅರ್ಪಿಸಿದ ಬಲಿಯದೇ ಉಳಿಕೆ ಅದು. ಅದಕ್ಕೇ ಯಾಜಕ ಅದನ್ನು ಮರ್ಯಾದೆಯಿಂದ ಪಾಳೆಯದ ಹೊರಗೆ, ಶುದ್ಧವಾದ ಜಾಗಕ್ಕೆ ಒಯ್ಯಬೇಕಿತ್ತು. ಆದರೂ ಅದು ವೇದಿಯ ಮೇಲೆ ಉಳಿಯಬಾರದು. ಎರಡು ವರ್ಷದ ಹಿಂದಿನ ಯೂತ್ ಕ್ಯಾಂಪಿನ ಅನುಭವ ನಿಜವೇ. ಆದರೆ ಇವತ್ತಿಗೂ ಅದೊಂದನ್ನೇ ನೆಚ್ಚಿಕೊಂಡರೆ, ಅದೇ ಬೂದಿ.

ನನ್ನ ಕಥೆ ಹೇಳ್ತೀನಿ. ಅಪ್ಪ ಗುಣವಾಗಲಿ ಅಂತ ಉಪವಾಸ ಮಾಡಿದ್ದೆ. ಅವರು ತೀರಿಕೊಂಡರು. ಆಮೇಲೆ ಆರೇಳು ತಿಂಗಳು ಸಭೆಯಲ್ಲಿ ಕೈ ಎತ್ತಿ ಆರಾಧನೆ ನಡೆಸ್ತಿದ್ದೆ, ರೂಮಿಗೆ ಬಂದರೆ ಒಂದು ಮಾತೂ ಪ್ರಾರ್ಥನೆ ಬರ್ತಿರಲಿಲ್ಲ. ಹಳೇ ಸಾಕ್ಷಿ ಹೇಳಿಕೊಂಡು ಕಾಲ ತಳ್ಳಿದೆ.

ಒಮ್ಮೆ ಊರಿಗೆ ಹೋದಾಗ ಬೆಳಿಗ್ಗೆ ಅಜ್ಜಿ ಒಲೆ ಮುಂದೆ ಕೂತಿದ್ದರು. ಒಲೆಯಲ್ಲಿ ಬರೀ ಬೂದಿ. ಅಜ್ಜಿ ಕಡ್ಡಿ ಗೀರಲಿಲ್ಲ. ಬೂದಿ ಸರಿಸಿದರು, ಕೆಳಗೆ ಕೆಂಡ! ನಾಲ್ಕು ಪುಳ್ಳೆ ಇಟ್ಟು ಊದಿದರು, ಹೊತ್ತಿಕೊಂಡಿತು. ನಾನು ಅಲ್ಲೇ ಕೂತು ಅತ್ತೆ.

2 ತಿಮೊಥೆಯ 1:6ರಲ್ಲಿ ಪೌಲನು ಬಳಸಿದ ಗ್ರೀಕ್ ಪದದಲ್ಲಿ ಇದೇ ಚಿತ್ರ ಇದೆ: ಕೆಂಡವನ್ನು ಮತ್ತೆ ಉರಿಯುವಂತೆ ಮಾಡುವುದು. ಹೊಸ ಬೆಂಕಿ ಹುಡುಕು ಅಂತ ತಿಮೊಥೆಯನಿಗೆ ಬರೆಯಲಿಲ್ಲ. ಇರುವುದನ್ನೇ ಉರಿಸು ಅಂದ.

ಅವತ್ತು ರಾತ್ರಿ ನಾನು ಮಾಡಿದ ಪ್ರಾರ್ಥನೆ ಚೆಂದದ್ದಲ್ಲ. "ಕರ್ತನೇ, ನಿಮ್ಮ ಮೇಲೆ ನನಗೆ ಕೋಪ ಇದೆ" ಅಂದೆ. ಆದರೆ ಅದು ಸತ್ಯವಾದ ಮಾತು. ಅದೇ ನನ್ನ ಮೊದಲ ಪುಳ್ಳೆ.

ಪ್ರಿಯರೇ, ನಾಳೆ ಎದ್ದಾಗ, ಶಿಫ್ಟ್ ಮುಗಿಸಿ ಮಧ್ಯಾಹ್ನ ಎದ್ದರೂ ಸರಿ, ಫೋನ್ ಮುಟ್ಟುವ ಮೊದಲು ಹತ್ತು ನಿಮಿಷ ಕೂತುಕೊಳ್ಳಿ. ಒಂದು ಸತ್ಯವಾದ ಮಾತು, ಒಂದು ವಚನ, ಸಾಕು. ನಾಡಿದ್ದು ಮತ್ತೆ. ಊದುವ ಪವಿತ್ರಾತ್ಮನು ನಮ್ಮ ಜೊತೆ ಇದ್ದಾನೆ.

ಪ್ರಾರ್ಥಿಸೋಣ. ತಂದೆಯೇ, ನೀವು ಕೊಟ್ಟ ಕೆಂಡ ನಮ್ಮೊಳಗೆ ಇನ್ನೂ ಇದೆ. ಬೂದಿ ಸರಿಸಲು ಧೈರ್ಯ ಕೊಡಿ. ಯೇಸುವಿನ ನಾಮದಲ್ಲಿ, ಆಮೆನ್.