ಗಿರಣಿಗಳ ಅವನತಿ ಮತ್ತು ಹೆಂಗಸರ ದುಡಿಮೆ

ಕೈಗಾರಿಕೆ ಕುಸಿದಾಗ ಕೆಲಸ ಕಳೆದುಕೊಂಡವರು ಯಾರು? ಮುಂಬಯಿಯ ಹತ್ತಿ ಗಿರಣಿಗಳ ವಿಷಯದಲ್ಲಿ ಈ ಪ್ರಶ್ನೆಯೆದ್ದಾಗ ನಮ್ಮ ಕಣ್ಣೆದುರು ನಿಲ್ಲುವುದು 1982ರ ಮುಷ್ಕರದ ಗಂಡಾಳುಗಳ ಚಿತ್ರ. ಆದರೆ ಹೆಂಗಸರ ಪಾಲಿಗೆ ಗಿರಣಿಯ ಬಾಗಿಲು ಅದಕ್ಕೆ ಬಹು ಹಿಂದೆಯೇ ಮುಚ್ಚುತ್ತ ಬಂದಿತ್ತು.

1920ರ ದಶಕದಲ್ಲಿ ಅಲ್ಲಿನ ಕೆಲಸಗಾರರಲ್ಲಿ ಸುಮಾರು ಐವರಿಗೊಬ್ಬರು ಹೆಂಗಸರು. ನೂಲನ್ನು ಲಡಿ ಮಾಡುವುದು, ಸುತ್ತುವುದು ಬಹುಮಟ್ಟಿಗೆ ಅವರ ಕೆಲಸ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಆರಂಭವಾದಾಗ ಹೆಂಗಸರ ಸಂಖ್ಯೆ ನೂರಕ್ಕೆ ಐದರಷ್ಟೂ ಇರಲಿಲ್ಲ.

ಇದಕ್ಕೆ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು, ಹೊಸ ಯಂತ್ರಗಳು ಬಂದು ಸುತ್ತುವ ವಿಭಾಗದ ಕೈಗಳನ್ನು ಕಡಿಮೆ ಮಾಡಿದುದು. ಎರಡನೆಯದು, ಕಾನೂನು. 1929ರ ಮುಂಬಯಿ ಹೆರಿಗೆ ಭತ್ಯದ ಕಾಯಿದೆ ವೆಚ್ಚವನ್ನು ಮಾಲೀಕನ ಮೇಲೆಯೇ ಹೊರಿಸಿತು. 1948ರ ಕಾರ್ಖಾನೆಗಳ ಕಾಯಿದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರ ದುಡಿಮೆಯನ್ನು ನಿರ್ಬಂಧಿಸಿತು. ರಾತ್ರಿ ಪಾಳಿ ನಡೆಸುವ ಮಾಲೀಕನಿಗೆ ಗಂಡಾಳೇ ಅನುಕೂಲವೆನಿಸಿದ. ರಕ್ಷಣೆಗೆಂದು ಮಾಡಿದ ಏರ್ಪಾಡು ಹೊರಗಿಡುವುದಕ್ಕೆ ನೆಪವಾಯಿತು. ಮೂರನೆಯದು, ಸಂಸಾರ ಸಾಕುವವನು ಗಂಡಸು, ಹೆಂಗಸಿನ ಕೂಲಿ ಕೇವಲ ಮೇಲುಸಂಪಾದನೆ ಎಂಬ ಭಾವನೆ. ಇದು ಮಾಲೀಕರಲ್ಲಿ ಮಾತ್ರವಲ್ಲ, ಕಾರ್ಮಿಕ ಸಂಘಗಳಲ್ಲಿಯೂ ಬೇರೂರಿತ್ತು.

ಗಿರಣಿಯ ಹೊರಗೂ ಹೆಂಗಸರು ಗಿರಣಿಗಾಗಿಯೇ ದುಡಿದರು. ಊರು ಬಿಟ್ಟು ಬಂದ ಕೆಲಸಗಾರರಿಗೆ ಮನೆಯಲ್ಲಿಯೇ ಅಡಿಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರು ಬಡ್ಡಿ ಸಾಲದಲ್ಲಿ ಸಿಲುಕಿದ್ದರು. ಪ್ರೇಮಾ ಪುರವ್ ಅವರು 1975ರಲ್ಲಿ ಸ್ಥಾಪಿಸಿದ ಅನ್ನಪೂರ್ಣಾ ಮಹಿಳಾ ಮಂಡಲ ಇವರನ್ನು ಸಂಘಟಿಸಿತು. ಮುಷ್ಕರ ನೀಡಿ ಗಿರಣಿಗಳು ಮುಚ್ಚಿದಾಗ ಉಣ್ಣುವವರ ಕೈಯಲ್ಲಿ ಹಣವಿಲ್ಲದೆ ಬಡಿಸುವವರ ಜೀವನವೂ ಕೆಟ್ಟಿತು. ಆದರೂ ಅವರ ಹೆಸರು ಯಾವ ಗಿರಣಿಯ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಪರಿಹಾರ ಕೇಳುವ ಹಕ್ಕೂ ಇರಲಿಲ್ಲ. ಗಂಡನ ಸಂಬಳ ನಿಂತ ಎಷ್ಟೋ ಮನೆಗಳನ್ನು ಮನೆಗೆಲಸ, ಹೊಲಿಗೆ, ತರಕಾರಿ ಮಾರಾಟಗಳಿಂದ ನಡೆಸಿದವರೂ ಹೆಂಗಸರೇ.

ಆದುದರಿಂದ ಕೈಗಾರಿಕೆಯ ಅವನತಿಯನ್ನು ಅಭ್ಯಾಸ ಮಾಡುವವರು ಮುಚ್ಚಿದ ಗಿರಣಿಗಳನ್ನು ಎಣಿಸಿದರೆ ಸಾಲದು. ಹಾಜರಿ ಪುಸ್ತಕದಿಂದ ಮೊದಲು ಅಳಿಸಿಹೋದವರು ಯಾರು, ಅದರಲ್ಲಿ ಎಂದೂ ಸೇರದವರು ಯಾರು ಎಂಬುದನ್ನೂ ವಿಚಾರಿಸತಕ್ಕದ್ದು. ಕೆಲಸಗಾರನೆಂದರೆ ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಅಲ್ಲಿಂದಲೇ ದೊರೆಯಬೇಕು.