ಪಾಠ ಮುಗಿದ ಮೇಲೂ ಉಳಿದ ಗೆಳೆತನ

ವಿಲಿಯಂ ಮೆರೆಲ್ ವೋರೀಸ್ 1905ರಲ್ಲಿ ಅಮೆರಿಕದಿಂದ ಜಪಾನಿನ ಹಾಚಿಮಾನ್ ಪಟ್ಟಣಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ವಾಣಿಜ್ಯ ಶಾಲೆಯಲ್ಲಿ ಪಾಠ, ಬಿಡುವಿನಲ್ಲಿ ಆಸಕ್ತ ಹುಡುಗರೊಂದಿಗೆ ಬೈಬಲ್ ಓದು. ಈ ಓದಿಗೆ ವಿರೋಧ ಎದ್ದು 1907ರಲ್ಲಿ ಕೆಲಸ ಹೋಯಿತು.

ಅವರು ಊರು ಬಿಡಲಿಲ್ಲ.

ಹಳೆಯ ವಿದ್ಯಾರ್ಥಿ ಯೋಶಿದಾ ಎತ್ಸುಜೋ ಜೊತೆಗೆ ನಿಂತರು. ವೋರೀಸ್ ವಾಸ್ತುಶಿಲ್ಪಿಯಾಗಿ ಚರ್ಚು, ಶಾಲೆ, ಮನೆಗಳನ್ನು ರೂಪಿಸಿದರು. ಈ ಗೆಳೆಯರ ಬಳಗ ಕ್ಷಯರೋಗಿಗಳಿಗೆ ಆಸ್ಪತ್ರೆಯನ್ನೂ ತೆರೆಯಿತು. 1941ರಲ್ಲಿ ವೋರೀಸ್ ಜಪಾನಿನ ಪೌರರಾದರು. ಕೆಲಸ ಕಳೆದುಕೊಂಡ ಊರಿನಲ್ಲೇ ಬೇರು ಬಿಡುವುದು ಸಣ್ಣ ಮಾತಲ್ಲ.

ಇಂದು ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ ಹೊರಟ ಕ್ರೈಸ್ತ ಯುವಜನರು ಮೊದಲು ಅಲ್ಲಿನ ಕಾನೂನು ತಿಳಿಯಲಿ. ಚೀನಾದಲ್ಲಿ ವಿದೇಶಿಯರು ಮತಪ್ರಚಾರ ಮಾಡುವಂತಿಲ್ಲ. ತರಗತಿಯ ಹೊತ್ತು ಪಾಠಕ್ಕೇ ಮೀಸಲಿರಲಿ. ಅಂಕ ಕೊಡುವ ಮೇಷ್ಟ್ರಿಗೆ ಮಕ್ಕಳು ಇಲ್ಲವೆನ್ನಲಾರರು. ವಿದ್ಯಾರ್ಥಿಯ ಮನೆಯವರು ಊಟಕ್ಕೆ ಕರೆದರೆ ಹೋಗಿ. ಪ್ರಾರ್ಥನೆಯ ಬಗ್ಗೆ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ. ಕೇಳದಿದ್ದರೂ ಮತ್ತೆ ಹೋಗಿ.